ಹಳೆಯ ರೇಖಾಚಿತ್ರಗಳ ಜೋಡಣೆ: ಒಂದು ವಿಮರ್ಶೆ

ಇತಿಹಾಸದ ಪ್ರಬಂಧಗಳಲ್ಲಿ ಅಂಕಿಅಂಶಗಳನ್ನು ರೇಖಾಚಿತ್ರಗಳ ಮೂಲಕ ನಿರೂಪಿಸುವ ವಾಡಿಕೆ ಈಚೆಗೆ ಬೆಳೆಯುತ್ತಿದೆ. ಇದಕ್ಕಾಗಿ ವಿದ್ಯಾರ್ಥಿಗಳಲ್ಲಿ ಅನೇಕರು ಆಶ್ರಯಿಸುವುದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಯನ್ನು. ಜಾನ್ ಹಂಟರ್ ಅವರು ೨೦೦೩ರಲ್ಲಿ ಹೊರತಂದ ಈ ಸಾಧನದ ಉಪಯುಕ್ತತೆಯಲ್ಲಿ ನಮಗೆ ಸಂದೇಹವಿಲ್ಲ. ನಾವು ಪರಿಶೀಲಿಸಬೇಕೆಂದಿರುವುದು ಬೇರೊಂದನ್ನು: ಬೇರೆ ಬೇರೆ ಸಂದರ್ಭಗಳಿಗಾಗಿ ಬರೆದಿಟ್ಟ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಉಪಚಿತ್ರಗಳಾಗಿ ಕೂರಿಸಿ, ಅದನ್ನು ಹೋಲಿಕೆಯೆಂದು ವಾಚಕರ ಮುಂದಿಡುವ ಅಭ್ಯಾಸವನ್ನು.

ಈ ಲೈಬ್ರರಿಯಲ್ಲಿ ಇಡೀ ಹಾಳೆಗೆ ಫಿಗರ್ ಎಂದೂ ಅದರೊಳಗಿನ ಒಂದೊಂದು ಚಿತ್ರದ ಚೌಕಟ್ಟಿಗೆ ಆಕ್ಸೀಸ್ ಎಂದೂ ಹೆಸರು. ಚೌಕಟ್ಟು ಹುಟ್ಟುವಾಗಲೇ ಒಂದು ಹಾಳೆಗೆ ಸೇರಿಹೋಗುತ್ತದೆ. ಅದನ್ನು ಇನ್ನೊಂದು ಹಾಳೆಗೆ ಸೇರಿಸಹೊರಟರೆ, ಅದು ಈ ಹಾಳೆಯಲ್ಲಿಯೇ ಹುಟ್ಟಿದ್ದಿರಬೇಕೆಂಬ ದೋಷಸೂಚನೆ ಬರುತ್ತದೆ. ಆಗ ಅವಸರದವರು ಹಿಡಿಯುವ ದಾರಿಯೆಂದರೆ ಚಿತ್ರಗಳನ್ನು ಬಿಂಬಗಳಾಗಿ ಉಳಿಸಿ ಪಕ್ಕಪಕ್ಕದಲ್ಲಿ ಅಂಟಿಸುವುದು. ಅಕ್ಷರಗಳು ಕುಗ್ಗಿ ಮಸುಕಾಗುವುದು ಇದರ ಸಣ್ಣ ದೋಷ. ದೊಡ್ಡ ದೋಷವು ಅಳತೆಯಲ್ಲಿದೆ.

ಒಂದು ನಿದರ್ಶನವನ್ನು ನೋಡೋಣ. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ಸುಮಾರು ೫೦.೫ ಲಕ್ಷವಿದ್ದುದು, ೧೮೭೬-೭೮ರ ಘೋರ ಕ್ಷಾಮದ ತರುವಾಯ, ೧೮೮೧ರಲ್ಲಿ ಸುಮಾರು ೪೧.೯ ಲಕ್ಷಕ್ಕಿಳಿಯಿತು. ಇಂದಿನ ಎಲ್ಲೆಗಳಿಗೆ ಹೊಂದಿಸಿದ ಲೆಕ್ಕದಂತೆ ಭಾರತದ ಜನಸಂಖ್ಯೆಯು ೧೯೧೧ರಲ್ಲಿ ೨೫.೨೧ ಕೋಟಿಯಿದ್ದುದು ೧೯೨೧ರಲ್ಲಿ ೨೫.೧೩ ಕೋಟಿಯಾಯಿತು, ನಡುವೆ ೧೯೧೮ರ ಇನ್‌ಫ್ಲುಯೆಂಜ ಬಂದುಹೋಗಿತ್ತು. ಇವೆರಡನ್ನೂ ಪ್ರತ್ಯೇಕವಾಗಿ ಬರೆದರೆ ಮ್ಯಾಟ್‌ಪ್ಲಾಟ್‌ಲಿಬ್ ಪ್ರತಿಯೊಂದರ ಲಂಬಾಕ್ಷವನ್ನೂ ಅದರದೇ ಅಂಕಿಗಳಿಗೆ ಸರಿಯಾಗಿ ಹಿಗ್ಗಿಸುತ್ತದೆ, ಸೊನ್ನೆಯಿಂದ ಆರಂಭಿಸುವುದಿಲ್ಲ. ಎರಡು ಚಿತ್ರಗಳಲ್ಲಿಯೂ ರೇಖೆಯು ಮೇಲಿನ ಎಡಮೂಲೆಯ ಬಳಿಯಿಂದ ಕೆಳಗಿನ ಬಲಮೂಲೆಯ ಬಳಿಗೆ ಒಂದೇ ಓರೆಯಲ್ಲಿ ಇಳಿಯುತ್ತದೆ. ನೂರಕ್ಕೆ ಹದಿನೇಳು ಮಂದಿ ಕಡಿಮೆಯಾದ ನಾಡೂ, ಸಾವಿರಕ್ಕೆ ಮೂರು ಮಂದಿ ಕಡಿಮೆಯಾದ ದೇಶವೂ ಕಣ್ಣಿಗೆ ಸಮಾನವಾಗಿ ತೋರುತ್ತವೆ! ಇಳಿದ ಸಂಖ್ಯೆ ಎರಡರಲ್ಲಿಯೂ ಎಂಟು ಲಕ್ಷದ ಆಸುಪಾಸಿನಲ್ಲಿರುವುದು ಈ ಭ್ರಮೆಗೆ ಮತ್ತಷ್ಟು ಇಂಬುಕೊಡುತ್ತದೆ. ಅಕ್ಷದ ಪಕ್ಕದ ಅಂಕಿಗಳನ್ನು ಓದಿದರೆ ತಿಳಿಯುವುದಲ್ಲವೇ ಎನ್ನಬಹುದು. ಓದಿ ತಿಳಿಯಬೇಕಾದರೆ ಕೋಷ್ಟಕವೇ ಸಾಕು, ಚಿತ್ರವೇತಕ್ಕೆ?

ಚೌಕಟ್ಟನ್ನು ಹಾಳೆಗೆ ಕಟ್ಟಿಹಾಕಿದ್ದು ಲೈಬ್ರರಿಯ ಕೊರತೆಯೆಂದು ಕೆಲವರು ಆಕ್ಷೇಪಿಸುತ್ತಾರೆ. ಆರ್ ಭಾಷೆಯ ಜಿಜಿಪ್ಲಾಟ್ ೨ರಲ್ಲಿ ಚಿತ್ರವೆಂಬುದು ಬರೆದು ಮುಗಿಸಿದ ವಸ್ತುವಲ್ಲ, ಬರೆಯತಕ್ಕ ಕ್ರಮದ ವಿವರಣೆ. ಆದಕಾರಣ ಪ್ಯಾಚ್‌ವರ್ಕ್ ಎಂಬ ಉಪಸಾಧನದಿಂದ ಎರಡನ್ನು ಕೂಡಿಸುವುದು ಸುಲಭ. ಪೈಥಾನಿನದೇ ಆದ ಆಲ್ಟೇರ್‌ನಲ್ಲಿಯೂ ಹೀಗೆಯೇ. ಆಕ್ಷೇಪದಲ್ಲಿ ತಥ್ಯವುಂಟು. ಆದರೆ ಇತಿಹಾಸಕಾರನ ದೃಷ್ಟಿಯಿಂದ ಮ್ಯಾಟ್‌ಪ್ಲಾಟ್‌ಲಿಬ್ಬಿನ ಈ ಮೊಂಡುತನವೇ ಮೇಲೆಂದು ನಮಗೆ ತೋರುತ್ತದೆ. ಮತ್ತೆ ಬರೆಯಬೇಕಾದವನು ಅಳತೆಯನ್ನು ಮತ್ತೊಮ್ಮೆ ಯೋಚಿಸಲು ಅವಕಾಶವಾದರೂ ದೊರೆಯುತ್ತದೆ.

ಸರಿಯಾದ ಕ್ರಮವು ಕಷ್ಟದ್ದೇನೂ ಅಲ್ಲ. ಚಿತ್ರ ಬರೆಯುವ ಕೆಲಸವನ್ನು ಒಂದು ಫಂಕ್ಷನ್ನಿನಲ್ಲಿಟ್ಟು, ಯಾವ ಚೌಕಟ್ಟಿನಲ್ಲಿ ಬರೆಯಬೇಕೆಂಬುದನ್ನು ಅದಕ್ಕೆ ಹೊರಗಿನಿಂದ ಕೊಡತಕ್ಕದ್ದು. ಆಗ ಅದೇ ಫಂಕ್ಷನ್ ಒಂಟಿ ಹಾಳೆಗೂ ಜೋಡಿ ಹಾಳೆಗೂ ಒದಗುತ್ತದೆ. ಲಂಬಾಕ್ಷವನ್ನು ಹಂಚಿಕೊಳ್ಳುವ ಶೇರ್‌ವೈ ಎಂಬ ಆಯ್ಕೆಯನ್ನು ನಾವೇ ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಮೇಲಿನ ನಿದರ್ಶನದಲ್ಲಿ ಅದೊಂದೇ ಸಾಲದು: ಕೋಟಿಗಳ ಎದುರಿಗೆ ಮೈಸೂರಿನ ರೇಖೆ ಬುಡದಲ್ಲಿ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಎರಡರ ಮೊದಲ ಗಣತಿಯನ್ನೂ ನೂರೆಂದು ಎಣಿಸಿದರೆ ಮೈಸೂರು ೮೩ಕ್ಕೂ ಭಾರತ ೯೯.೭ಕ್ಕೂ ಇಳಿಯುತ್ತವೆ. ಆ ಅಂಕಿಗಳನ್ನು ಸೊನ್ನೆಯಿಂದ ಆರಂಭವಾಗುವ ಒಂದೇ ಅಕ್ಷದ ಮೇಲೆ ಬರೆದಾಗ ಕ್ಷಾಮದ ಇಳಿತವು ಎದ್ದು ಕಾಣುತ್ತದೆ, ಮತ್ತೊಂದು ರೇಖೆ ಬಹುಮಟ್ಟಿಗೆ ನೇರವಾಗಿಯೇ ಉಳಿಯುತ್ತದೆ.