ಬೀಜ, ಕ್ಷೇತ್ರ, ಸತ್ಯ: ‘ವಂಶವೃಕ್ಷ’ದ ಒಂದು ಧರ್ಮಪ್ರಶ್ನೆ

ಮಗುವು ಯಾರದು? ಬೀಜವನ್ನಿತ್ತವನದೋ, ಗರ್ಭವನ್ನು ಧರಿಸಿದವಳದೋ, ಅಥವಾ ಅದನ್ನು ಬಯಸಿ ಎತ್ತಿಕೊಂಡವರದೋ? ಈ ಪ್ರಶ್ನೆಯು ಹೊಸತೆಂದು ಭಾವಿಸುವವರುಂಟು. 1978ನೆಯ ಇಸವಿಯ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದಲ್ಲಿಯೂ, ಅದೇ ವರ್ಷದ ಅಕ್ಟೋಬರಿನಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಕಲ್ಕತ್ತೆಯಲ್ಲಿಯೂ ಪ್ರನಾಳಶಿಶುಗಳು ಜನಿಸಿದಂದಿನಿಂದ ಇದು ಎಲ್ಲರ ಬಾಯಲ್ಲಿಯೂ ಕೇಳಿಬರುತ್ತಿದೆಯೆಂಬುದು ದಿಟವೇ. ಆದರೆ ಅದಕ್ಕೆ ಹದಿಮೂರು ವರ್ಷ ಮೊದಲೇ, 1965ರಲ್ಲಿ, ಶ್ರೀ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವು ಇದೇ ಪ್ರಶ್ನೆಯನ್ನು ಕನ್ನಡ ವಾಚಕರ ಮುಂದಿರಿಸಿತ್ತು. ವೈದ್ಯನ ಉಪಕರಣವೊಂದೂ ಆ ಕಾದಂಬರಿಯಲ್ಲಿಲ್ಲ. ಆದರೂ ಇಂದಿನ ನ್ಯಾಯಶಾಸ್ತ್ರವು ತಡವರಿಸುವ ಸ್ಥಳದಲ್ಲಿ ಅದು ಬೆರಳಿಟ್ಟು ತೋರಿಸುತ್ತದೆ. ಆದುದರಿಂದ ಅದನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಅನುಚಿತವಾಗದು.

ಮೊದಲು ಶಾಸ್ತ್ರದ ಮಾತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜವು ಹೆಚ್ಚೋ ಕ್ಷೇತ್ರವು ಹೆಚ್ಚೋ ಎಂಬ ವಿಚಾರವು ವಿಸ್ತಾರವಾಗಿ ಬಂದಿದೆ. ಬೆಳೆಯ ಗುಣವು ಬೀಜವನ್ನನುಸರಿಸುವುದೆಂದು ಹೇಳಿ, ಅಷ್ಟರಲ್ಲಿಯೇ ಮತ್ತೊಬ್ಬನ ಹೊಲದಲ್ಲಿ ಬಿತ್ತಿದವನಿಗೆ ಫಲವು ದಕ್ಕದೆಂದು ಸ್ಮೃತಿಕಾರನು ತೀರ್ಮಾನಿಸುತ್ತಾನೆ. ಇಬ್ಬರಿಗೂ ಮೊದಲೇ ಒಡಂಬಡಿಕೆಯಾಗಿದ್ದರೆ ಮಾತ್ರ ಫಲವು ಇಬ್ಬರದೂ ಆಗುವುದು. ಗುಣವು ಬೀಜದಿಂದ, ಒಡೆತನವು ಒಪ್ಪಂದದಿಂದ ಎಂಬ ಈ ವಿವೇಚನೆಯು ಸಾಮಾನ್ಯವಾದುದಲ್ಲ. ಅದರ ಮುಂದೆಯೇ ನಿಯೋಗದ ವಿಧಿಯಿದೆ. ಗುರುಹಿರಿಯರ ಅಪ್ಪಣೆ ಬೇಕು. ಸಂತಾನವೊಂದನ್ನುಳಿದು ಬೇರೆ ಉದ್ದೇಶವಿರಕೂಡದು. ಕಾರ್ಯವು ಮುಗಿದ ಮೇಲೆ ಅವರಿಬ್ಬರೂ ಗುರುವೂ ಸೊಸೆಯೂ ಇರುವಂತೆ ಇರತಕ್ಕದ್ದು. ಇಷ್ಟನ್ನು ವಿಧಿಸಿದ ಸ್ಮೃತಿಯೇ ಮರುಕ್ಷಣದಲ್ಲಿ ಇದು ವೇನರಾಜನ ಕಾಲದಲ್ಲಿ ಹುಟ್ಟಿದ ಪಶುಧರ್ಮವೆಂದು ಹಳಿಯುತ್ತದೆ. ಮುಂದಿನ ನಿಬಂಧಕಾರರು ಇದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ವಿಧಿನಿಷೇಧಗಳೆರಡೂ ಒಂದೇ ಅಧ್ಯಾಯದಲ್ಲಿರುವುದು ಗ್ರಂಥದ ದೋಷವೆನ್ನುವುದಕ್ಕಿಂತ ವಿಷಯದ ಕಾಠಿಣ್ಯಕ್ಕೆ ಸಾಕ್ಷಿಯೆನ್ನುವುದು ಯುಕ್ತ.

ಮಹಾಭಾರತದ ಸಾಕ್ಷ್ಯವು ಇನ್ನೂ ಗಂಭೀರವಾದುದು. ಸತ್ಯವತಿಯ ಆಜ್ಞೆಯಂತೆ ವ್ಯಾಸರಿಂದ ಧೃತರಾಷ್ಟ್ರ ಪಾಂಡುಗಳು ಜನಿಸಿದರು. ಪಾಂಡುವಿನ ಪ್ರಾರ್ಥನೆಯಂತೆ ಕುಂತಿಯು ದೇವತೆಗಳಿಂದ ಮಕ್ಕಳನ್ನು ಪಡೆದಳು. ಇವರ ಜನ್ಮವೃತ್ತಾಂತವು ಯಾರಿಗೂ ಗುಟ್ಟಾಗಿರಲಿಲ್ಲ. ಆ ಕಾರಣದಿಂದ ಅವರು ಕುರುವಂಶದವರಲ್ಲವೆಂದು ಅವರ ಮನಸ್ಸು ಒಡೆದುಹೋದುದೂ ಇಲ್ಲ. ಮರೆಮಾಚಿದ ಜನ್ಮವು ಒಂದೇ, ಅದು ಕರ್ಣನದು. ಬೀಜವು ಸೂರ್ಯನದು, ಕ್ಷೇತ್ರವು ಕುಂತಿಯೇ. ಆದರೂ ಆ ಜೀವವು ಕೊನೆಯವರೆಗೂ ಬೆಂದಿತು. ಕೇಡು ಎಲ್ಲಿಂದ ಬಂದಿತೆಂಬುದನ್ನು ವ್ಯಾಸರು ಬಾಯಿಬಿಟ್ಟು ಹೇಳುವುದಿಲ್ಲ. ಕಥೆಯ ಜೋಡಣೆಯೇ ಹೇಳುತ್ತದೆ.

ಈ ಹಿನ್ನೆಲೆಯಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳನ್ನು ನೋಡಬೇಕು. ಒಬ್ಬನೇ ಮಗನು ಕಪಿಲೆಯ ಪಾಲಾದನು. ವಿಧವೆಯಾದ ಸೊಸೆ ಕಾತ್ಯಾಯನಿಯು ಮೈಸೂರಿನಲ್ಲಿ ಓದಿ, ಪುನರ್ವಿವಾಹವಾಗಿ, ತನ್ನ ಮಗುವನ್ನು ಕೇಳಿಕೊಂಡು ಬಂದಾಗ, ಮಗುವು ತಾಯಿಯ ಸ್ವತ್ತಲ್ಲ, ವಂಶದ್ದು ಎಂಬ ನಂಬಿಕೆಯಲ್ಲಿ ಆ ಹಿರಿಯರು ನಿಂತಿರುತ್ತಾರೆ. ಅವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಮುಂದೆ ಅವಳ ಗರ್ಭವು ಮೇಲಿಂದ ಮೇಲೆ ಇಳಿದುಹೋಗುತ್ತದೆ. ಇತ್ತ ಶ್ರೋತ್ರಿಗಳಿಗೆ ತಮ್ಮ ಮುಪ್ಪಿನಲ್ಲಿ ಒಂದು ಸಂಗತಿಯು ತಿಳಿಯುತ್ತದೆ: ತಾವು ಯಾವ ವಂಶದ ಹೆಸರಿನಲ್ಲಿ ಬಾಳಿದರೋ ಆ ವಂಶದ ಬೀಜದಿಂದ ಹುಟ್ಟಿದವರಲ್ಲ. ಆಸ್ತಿಯು ಒಡಹುಟ್ಟಿದವನ ಕೈಸೇರಬಾರದೆಂಬ ಹಠದಿಂದ, ಮನೆಯ ಯಜಮಾನನೇ ಹೆಂಡತಿಯಲ್ಲಿ ಅನ್ಯಪುರುಷನಿಂದ ಪಡೆದ ಸಂತಾನವೇ ತಾವು. ಶ್ರೋತ್ರಿಗಳು ಆಸ್ತಿಯನ್ನು ತ್ಯಜಿಸಿ ಸಂನ್ಯಾಸಕ್ಕೆ ಹೊರಡುತ್ತಾರೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಹುಟ್ಟುತ್ತದೆ. ಇಷ್ಟು ವಿದ್ವಾಂಸರಾದವರು, ಕ್ಷೇತ್ರಜ ಪುತ್ರನೂ ಹನ್ನೆರಡು ಬಗೆಯ ಪುತ್ರರಲ್ಲಿ ಒಬ್ಬನೆಂದು ಬಲ್ಲವರು, ಬೀಜವು ಬೇರೆಯೆಂದ ಮಾತ್ರಕ್ಕೆ ಕುಸಿದುಬೀಳುವುದೇಕೆ? ಕಾದಂಬರಿಯು ಕಡೆಗೆ ರಕ್ತವೇ ಸರ್ವಸ್ವವೆಂದು ಒಪ್ಪಿಕೊಂಡಂತಾಗಲಿಲ್ಲವೆ? ಮೇಲೆ ಮೇಲೆ ಓದಿದವರಿಗೆ ಹಾಗೆ ತೋರಬಹುದು. ನಿಧಾನವಾಗಿ ನೋಡಿದರೆ, ಶ್ರೋತ್ರಿಗಳನ್ನು ಕೆಡಹಿದುದು ಬೀಜಕ್ಕಿಂತ ಅನೃತವು. ಅವರ ಜನ್ಮದಲ್ಲಿ ನಿಯೋಗದ ಒಂದು ನಿಯಮವೂ ಪಾಲಿತವಾಗಿಲ್ಲ. ಹಿರಿಯರ ಅನುಮತಿಯಿಲ್ಲ, ಪಿತೃಋಣದ ಭಾವನೆಯಿಲ್ಲ, ದಾಯಾದಿಯನ್ನು ವಂಚಿಸುವುದೇ ಉದ್ದೇಶ. ಧರ್ಮದ ರೂಪವನ್ನು ಹೊದ್ದ ಮೋಸದ ಫಲವು ತಾನೆಂಬುದೇ ಅವರಿಗೆ ಸಹಿಸಲಾಗದ ಮಾತು. ಅವರು ಬಿಡುವುದು ಮೊದಲು ಆಸ್ತಿಯನ್ನು ಎಂಬುದನ್ನು ಗಮನಿಸಬೇಕು. ಯಾವ ಮೊಮ್ಮಗನನ್ನು ವಂಶದ ಹೆಸರಿನಿಂದ ತಾಯಿಯಿಂದ ಉಳಿಸಿಕೊಂಡರೋ ಆ ಹೆಸರೇ ಟೊಳ್ಳೆಂದು ಅರಿತ ಮೇಲೆ, ಕಾತ್ಯಾಯನಿಯ ಕಣ್ಣೀರಿಗೆ ಉತ್ತರ ಕೊಡುವ ಹೊಣೆಯೂ ಅವರ ಮೇಲೆ ಬೀಳುತ್ತದೆ. ಕೃತಿಯ ಶಕ್ತಿಯಿರುವುದು ಇಲ್ಲಿಯೇ.

ಕೃತಿಯಲ್ಲಿ ಒಂದು ಕೊರತೆಯುಂಟು. ಶ್ರೋತ್ರಿಗಳನ್ನು ಹೆತ್ತ ತಾಯಿಯ ಅಂತರಂಗವು ವಾಚಕರಿಗೆ ಸಾಕಷ್ಟು ತೆರೆಯುವುದಿಲ್ಲ. ಗಂಡನ ಹಠಕ್ಕೆ ಮೈಯೊಡ್ಡಬೇಕಾಗಿ ಬಂದವಳ ಪಾಡೇನು? ಭಾರತದಲ್ಲಿ ಅಂಬಿಕೆಯು ಕಣ್ಣು ಮುಚ್ಚುತ್ತಾಳೆ, ಅಂಬಾಲಿಕೆಯು ಬಿಳಿಚಿಕೊಳ್ಳುತ್ತಾಳೆ, ಎರಡನೆಯ ಬಾರಿಗೆ ಅಂಬಿಕೆಯು ದಾಸಿಯನ್ನು ಕಳುಹಿಸುತ್ತಾಳೆ. ಮಾತಿಲ್ಲದಿದ್ದರೂ ಅಲ್ಲಿ ನಿರಾಕರಣೆಯುಂಟು. ಕಾದಂಬರಿಕಾರರು ಕಾತ್ಯಾಯನಿಗೆ ಕೊಟ್ಟ ಅಂತಃಕರಣದಲ್ಲಿ ಕಾಲುಪಾಲನ್ನಾದರೂ ಈ ತಾಯಿಗೆ ಕೊಟ್ಟಿದ್ದರೆ, ‘ಕ್ಷೇತ್ರ’ವೆಂಬ ಶಬ್ದವೇ ಮನುಷ್ಯಳೊಬ್ಬಳಿಗೆ ಮಾಡುವ ಅನ್ಯಾಯವು ಇನ್ನೂ ಸ್ಪಷ್ಟವಾಗುತ್ತಿದ್ದಿತು.

ಇಂದಿನ ಕಾನೂನು ಈ ಅನ್ಯಾಯವನ್ನು ಕಂಡಿದೆ. ಭಾರತದ ಪಾರ್ಲಿಮೆಂಟು 2021ರಲ್ಲಿ ಎರಡು ಶಾಸನಗಳನ್ನು ಮಾಡಿತು. ಒಂದು ಬಾಡಿಗೆ ತಾಯ್ತನವನ್ನು ಕುರಿತುದು, ಮತ್ತೊಂದು ನೆರವಿನ ಸಂತಾನೋತ್ಪತ್ತಿಯ ತಂತ್ರಗಳನ್ನು ಕುರಿತುದು. ಎರಡೂ 2022ರ ಜನವರಿಯಲ್ಲಿ ಜಾರಿಗೆ ಬಂದುವು. ಹಣಕ್ಕಾಗಿ ಗರ್ಭವನ್ನು ಕೊಡಿಸುವುದು ದಂಡನೀಯ. ಹೊರುವವಳು 25ರಿಂದ 35 ವರ್ಷದೊಳಗಿನವಳೂ, ಮದುವೆಯಾಗಿ ಸ್ವಂತ ಮಗುವುಳ್ಳವಳೂ ಆಗಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಹೊರಬಹುದು. ಭ್ರೂಣವನ್ನು ಗರ್ಭದಲ್ಲಿರಿಸುವ ಮುನ್ನ ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಅವಳ ಹೆಸರಿಗೆ 36 ತಿಂಗಳ ವಿಮೆಯಿರಬೇಕು. ಹುಟ್ಟಿದ ಮಗುವು ಅದನ್ನು ಬಯಸಿದ ದಂಪತಿಗಳದೇ ಎಂದು ಶಾಸನವು ಭಾವಿಸುತ್ತದೆ. ಬೀಜಕ್ಕೂ ಕ್ಷೇತ್ರಕ್ಕೂ ಇದ್ದ ಹಳೆಯ ವ್ಯಾಜ್ಯದಲ್ಲಿ ಎರಡನ್ನೂ ಬದಿಗಿರಿಸಿ, ಸಂಕಲ್ಪವೇ ಪಿತೃತ್ವಮಾತೃತ್ವಗಳ ಮೂಲವೆಂದು ಮಾಡಿದ ತೀರ್ಪಿದು. ಇದರ ಅಗತ್ಯವು 2008ರಲ್ಲಿಯೇ ಕಂಡುಬಂದಿತ್ತು. ಗುಜರಾತಿನ ಆಣಂದದಲ್ಲಿ ಜಪಾನೀ ದಂಪತಿಗಳಿಗಾಗಿ ಒಂದು ಹೆಣ್ಣುಮಗುವು ಜನಿಸುವಷ್ಟರಲ್ಲಿ ಅವರಿಗೆ ವಿಚ್ಛೇದವಾಗಿತ್ತು. ಅಂಡವನ್ನಿತ್ತವಳು ಅಜ್ಞಾತಳು, ಹೆತ್ತವಳು ಬೇರೊಬ್ಬಳು. ವಿಷಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಡೆಗೆ ಮಗುವು ಅಜ್ಜಿಯ ಮಡಿಲು ಸೇರಿತು.

ಹೆಸರು, ದಾಯಭಾಗ, ರಕ್ಷಣೆ, ಇವಿಷ್ಟನ್ನು ಶಾಸನವು ನೆಟ್ಟಗೆ ಮಾಡಿದೆ. ಹೆತ್ತವಳ ಹೆಸರಿಗೆ ವಿಮೆಯನ್ನು ಬರೆದು ಶ್ರಮಕ್ಕೆ ಮಾತ್ರ ಕೂಲಿಯಿಲ್ಲವೆನ್ನುವುದು ನ್ಯಾಯವೇ ಎಂಬುದು ವಾದಕ್ಕೆ ಉಳಿದ ವಿಷಯ; ಬಡವಳನ್ನು ಮಾರಾಟದಿಂದ ಕಾಪಾಡುವ ಉದ್ದೇಶವಂತೂ ಶ್ಲಾಘ್ಯವೇ. ಆದರೆ ಶ್ರೋತ್ರಿಗಳ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಬೀಜವನ್ನೋ ಅಂಡವನ್ನೋ ಇತ್ತವರ ಗುರುತು ಗೋಪ್ಯ. ವೈದ್ಯಕೀಯ ಆಪತ್ತು, ನ್ಯಾಯಾಲಯದ ಆಜ್ಞೆ ಮೊದಲಾದ ಸಂದರ್ಭಗಳಲ್ಲಿ ಮಾತ್ರ ಅದು ಹೊರಬರಬಹುದು. ಬೆಳೆದ ಮಗುವು ತಾನಾಗಿ ಕೇಳಿದರೆ ತಿಳಿಸಬೇಕೆಂಬ ವಿಧಿಯಿಲ್ಲ. ಇಂಗ್ಲೆಂಡಿನಲ್ಲಿ 2005ರ ಏಪ್ರಿಲಿನಿಂದೀಚೆಗೆ ದಾನವಿತ್ತವರ ಬೀಜದಿಂದ ಹುಟ್ಟಿದವರು ಹದಿನೆಂಟು ತುಂಬಿದ ಮೇಲೆ ಅವರ ಹೆಸರನ್ನು ಕೇಳಿ ತಿಳಿಯಬಹುದೆಂದು ವಿಧಿಸಿದ್ದಾರೆ. ಇದರಿಂದ ದಾನವಿಡುವವರಿಗೆ ಸಂಕೋಚವೂ, ಸಾಕಿದವರಿಗೆ ಭಯವೂ ಉಂಟಾಗುವುದೆಂಬ ವಾದವನ್ನು ತಳ್ಳಿಹಾಕಲಾಗದು. ಮನೆಯ ಮಾತು ಬೀದಿಗೆ ಬರಬಾರದೆಂಬುದೂ ಸರಿಯೇ. ಆದರೆ ಬೀದಿಗೆ ಹೇಳದಿರುವುದು ಬೇರೆ, ಮಗುವಿಗೇ ಹೇಳದಿರುವುದು ಬೇರೆ. ಮೊದಲನೆಯದು ಮರ್ಯಾದೆ; ಎರಡನೆಯದು ವಂಚನೆ.

‘ವಂಶವೃಕ್ಷ’ವನ್ನು ಹಳೆಯ ಕಾಲದ ಮಡಿವಂತರೊಬ್ಬರ ದುಃಖಕಥೆಯೆಂದು ಬದಿಗಿಡುವವರು ಇದನ್ನು ಯೋಚಿಸಬೇಕು. ಇಂದು ಆಸ್ಪತ್ರೆಯ ನೆರವಿನಿಂದ ಮಗುವನ್ನು ಪಡೆದು, ತೊಟ್ಟಿಲು ಕಟ್ಟಿ, ಹೆಸರಿಟ್ಟು ಸಂತೋಷಪಡುವ ದಂಪತಿಗಳ ಸಂಕಲ್ಪವು ಶ್ರೋತ್ರಿಗಳ ಮನೆಯ ಯಜಮಾನನ ಸಂಕಲ್ಪಕ್ಕಿಂತ ನೂರುಪಾಲು ಶುದ್ಧವಾದುದು. ಅವರು ನಾಚಬೇಕಾದ ಕಾರಣವೊಂದೂ ಇಲ್ಲ. ಆದುದರಿಂದಲೇ ಮುಚ್ಚಿಡುವ ಕಾರಣವೂ ಇಲ್ಲ. ಮುಪ್ಪಿನಲ್ಲಿ ಹಳೆಯ ಕಾಗದದಿಂದ ತಿಳಿಯುವುದಕ್ಕಿಂತ, ಎಳವೆಯಲ್ಲಿ ತಾಯಿತಂದೆಗಳ ಬಾಯಿಂದ ತಿಳಿಯುವುದು ಮೇಲು. ವೃಕ್ಷಕ್ಕೆ ಕಸಿ ಮಾಡಿದುದು ದೋಷವಲ್ಲ. ಕಸಿಯೆಂದು ಹೇಳಿ ನೀರೆರೆದರೆ ಅದೂ ನೆರಳು ಕೊಡುವ ಮರವೇ.