ಕ್ಯಾಲಿಪ್ಸೋಳ ದ್ವಿತೀಯಾ ವಿಭಕ್ತಿ

ಭಾಷೆಯ ವಿಷಯದಲ್ಲಿ ರೋಮಿನ ವಾಗ್ಮಿತಾಗುರು ಕ್ವಿಂಟಿಲಿಯನ್ ಸಮಚಿತ್ತದ ತೀರ್ಪುಗಾರ ಎಂಬ ಹೊಗಳಿಕೆ ಹಳೆಯದು. ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದ ನಾಮಪದಗಳ ಬಗ್ಗೆ ಅವನು ತನ್ನ ವಾಗ್ಮಿತೆಯ ಗ್ರಂಥದ ಮೊದಲ ಸಂಪುಟದಲ್ಲಿ ಹೇಳಿದ್ದು ಆ ಹೊಗಳಿಕೆಗೆ ತಕ್ಕುದಾಗಿಲ್ಲ. ಔಚಿತ್ಯ ಸಹಿಸುವಷ್ಟು ದೂರ ಲ್ಯಾಟಿನ್ ಪದ್ಧತಿಯೇ ನಡೆಯಲಿ ಎನ್ನುತ್ತಾನೆ. ಮರುಗಳಿಗೆಯೇ, ಯೂನೋ ಯೂನೋನೆಮ್ ಆಗುವಂತೆ ಕ್ಯಾಲಿಪ್ಸೋವನ್ನು ಕ್ಯಾಲಿಪ್ಸೋನೆಮ್ ಮಾಡಲೊಲ್ಲೆ ಎಂದು ಹಿಂದೆ ಸರಿಯುತ್ತಾನೆ. ಪ್ರಾಚೀನರ ಜಾಡಿನಲ್ಲಿ ಸೀಸರ್ ಹಾಗೆಯೇ ಬಳಸಿದ್ದನೆಂದು ತಾನೇ ಒಪ್ಪುತ್ತಾನೆ ಕೂಡ. ಸೀಸರ್ ಶಬ್ದರೂಪಗಳ ಸಾಮ್ಯದ ಮೇಲೆ ಎರಡು ಸಂಪುಟ ಬರೆದು ಸಿಸೆರೋಗೆ ಅರ್ಪಿಸಿದವನು. ಅವನ ರೂಪವನ್ನು ತಳ್ಳಿಹಾಕಲು ಕಾರಣ ಬೇಕು. ಇಲ್ಲಿ ಸಿಗುವುದು ಅಭಿರುಚಿ ಮಾತ್ರ.

ಕ್ಯಾಲಿಪ್ಸೋನೆಮ್ ಬಿಟ್ಟರೆ ಉಳಿಯುವ ಗ್ರೀಕ್ ರೂಪ ಯಾವುದು? ಮತ್ತೆ ಕ್ಯಾಲಿಪ್ಸೋ ಎಂಬುದೇ. ಅಲ್ಲಿ ಪ್ರಥಮೆಗೂ ದ್ವಿತೀಯೆಗೂ ಭೇದವಿಲ್ಲ. ಗ್ರೀಕ್ ಗದ್ಯಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಹೆಸರಿನ ಮುಂದೆ ನಿಲ್ಲುವ ಉಪಪದವೇ ವಿಭಕ್ತಿಯನ್ನು ಹೊರುತ್ತದೆ. ಲ್ಯಾಟಿನ್ನಿಗೆ ಉಪಪದವಿಲ್ಲ, ಪದಗಳ ಕ್ರಮವೂ ಸಡಿಲ. ಯಾರು ಯಾರನ್ನು ತೊರೆದರು ಎಂದು ಹೇಳುವುದು ಪದದ ಕೊನೆಯೇ. ನಪುಂಸಕ ಪದಗಳಲ್ಲೂ ಎರಡು ವಿಭಕ್ತಿಗಳು ಒಂದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ನಪುಂಸಕ ವಸ್ತು ಕರ್ತೃವಾಗಿ ಮನುಷ್ಯರೊಡನೆ ಸೆಣಸುವುದು ವಿರಳ. ಕ್ಯಾಲಿಪ್ಸೋ ಯುಲಿಸಿಸನನ್ನು ಏಳು ವರ್ಷ ಹಿಡಿದಿಟ್ಟುಕೊಂಡ ದೇವತೆ. ಅವಳನ್ನು ವಿಭಕ್ತಿಯಿಲ್ಲದೆ ಬಿಟ್ಟರೆ ವಾಕ್ಯವೇ ತಡವರಿಸುತ್ತದೆ.

ವರ್ಜಿಲನ ಅಯ್ನೇಆನ್ ಎಂಬ ರೂಪವನ್ನು ತೋರಿಸಿ, ಗ್ರೀಕ್ ಅಂತ್ಯವೇ ಸೊಗಸು ಎನ್ನುವ ವ್ಯಾಖ್ಯಾನಕಾರರ ಜೊತೆ ನನಗೆ ಜಗಳವಿದೆ. ಮಕಾರಾಂತ್ಯದ ಅಕ್ಷರ ಮುಂದಿನ ಸ್ವರಕ್ಕೆ ಸಿಕ್ಕಿ ಛಂದಸ್ಸಿನಲ್ಲಿ ಲೋಪವಾಗುತ್ತದೆ, ನಕಾರಾಂತ್ಯದ್ದು ಆಗುವುದಿಲ್ಲ. ಕವಿಗೆ ಇದು ಗಟ್ಟಿ ಕಾರಣ. ಕ್ವಿಂಟಿಲಿಯನ್ ಕಲಿಸುತ್ತಿದ್ದುದು ಗದ್ಯದ ವಾಗ್ಮಿಗೆ. ಛಂದಸ್ಸಿನ ರಿಯಾಯಿತಿಯನ್ನು ಸೊಗಸಿನ ಪ್ರಮಾಣವಾಗಿಸುವವರು ನಾಟಕಕಾರ ಪ್ಲಾಟಸನನ್ನು ಮರೆಯುತ್ತಾರೆ. ಅವನು ಗ್ರೀಕಿನ ನಪುಂಸಕ ಸ್ಕೇಮಾವನ್ನು ಆಕಾರಾಂತ ಸ್ತ್ರೀಲಿಂಗದಂತೆ ನಡೆಸಿದ. ಪೊಯೆಮಾದ ಬಹುವಚನ ತೃತೀಯೆ ಶಿಷ್ಟ ಲ್ಯಾಟಿನ್ನಿನಲ್ಲೇ ಪೊಯೆಮಾತಿಬುಸ್ ಆಗದೆ ಪೊಯೆಮಾತಿಸ್ ಆಗಿ ನೆಲೆಸಿತು. ಇವನ್ನು ವ್ಯಾಕರಣ ಪುಸ್ತಕಗಳು ಅಪವಾದದ ಪಟ್ಟಿಗೆ ನೂಕುತ್ತವೆ. ನನ್ನ ಕಣ್ಣಿಗೆ ಇವು ತದ್ಭವ ಮಾಡಿಕೊಳ್ಳುವ ಶಕ್ತಿಯ ಕುರುಹು. ಗ್ರೀಕನ್ನು ಯಾರಿಗಿಂತಲೂ ಹೆಚ್ಚು ಪ್ರೀತಿಸಿದ ಸಿಸೆರೋ ಕೂಡ ಅಟ್ಟಿಕಸನಿಗೆ ಬರೆದ ಪತ್ರದಲ್ಲಿ, ರೋಮನ್ನನಾಗಿ ತಾನು ಅಥೆನ್ಸಿನ ಬಂದರನ್ನು ಲ್ಯಾಟಿನ್ ರೀತಿಯಲ್ಲಿ ಪಿರಯುಮ್ ಎನ್ನದೆ ಗ್ರೀಕ್ ರೀತಿಯಲ್ಲಿ ಪಿರಯಾ ಎಂದದ್ದು ತಪ್ಪೆಂದು ಒಪ್ಪಿಕೊಂಡ. ಹನ್ನೆರಡು ಸಂಪುಟಗಳಲ್ಲಿ ಸಿಸೆರೋನನ್ನೇ ಮಾದರಿಯಾಗಿ ಎತ್ತಿಹಿಡಿದ ಕ್ವಿಂಟಿಲಿಯನ್, ಕ್ಯಾಲಿಪ್ಸೋಳ ವಿಷಯದಲ್ಲಿ ಈ ಪತ್ರದ ಪಕ್ಷ ಹಿಡಿಯಬೇಕಿತ್ತು.