ಕೇಳುವವಳ ನೆಲೆ: ಬುಂದೇಲ್‌ಖಂಡದ ಪತ್ರಕರ್ತೆಯರ ಚುನಾವಣಾ ಸಂದರ್ಶನಗಳು

ಕಾವ್ಯ, ಕಾದಂಬರಿ, ನಾಟಕಗಳನ್ನು ಕುರಿತು ಕನ್ನಡ ವಿಮರ್ಶೆ ಆಡಿರುವ ಮಾತಿಗೆ ಲೆಕ್ಕವಿಲ್ಲ. ಪ್ರಬಂಧ, ಆತ್ಮಕಥನ, ಅಂಕಣ ಬರಹಗಳೂ ಅದರ ಕಕ್ಷೆಯೊಳಗೆ ಬಂದಿವೆ. ಸಂದರ್ಶನವನ್ನು ಮಾತ್ರ ನಾವು ಇಂದಿಗೂ ಮಾಹಿತಿಯ ಪಾತ್ರೆಯೆಂದೇ ಕಂಡಿದ್ದೇವೆ. ಪಾತ್ರೆಯ ಆಕಾರವನ್ನು ಗಮನಿಸುವ ಗೋಜಿಗೆ ಹೋಗಿಲ್ಲ. ಚುನಾವಣೆಯ ಕಾಲದಲ್ಲಿ ಜನರ ಕಿವಿಗೆ ಹೆಚ್ಚಾಗಿ ಬೀಳುವುದು ಭಾಷಣ, ಅದರ ನಂತರ ಸಂದರ್ಶನ. ಭಾಷಣದಲ್ಲಿ ಉಮೇದುವಾರನೊಬ್ಬನೇ ಮಾತಾಡುತ್ತಾನೆ. ಸಂದರ್ಶನದಲ್ಲಿ ಅವನು ಇನ್ನೊಬ್ಬರ ಪ್ರಶ್ನೆಗೆ ಕಟ್ಟುಬೀಳಬೇಕು. ಆ ಇನ್ನೊಬ್ಬರು ಯಾರು, ಎಲ್ಲಿ ನಿಂತು ಕೇಳುತ್ತಾರೆ, ಯಾವ ನುಡಿಯಲ್ಲಿ ಕೇಳುತ್ತಾರೆ ಎಂಬುದರ ಮೇಲೆ ಉತ್ತರದ ಸತ್ವ ನಿಂತಿದೆ. ಈ ದೃಷ್ಟಿಯಿಂದ ನೋಡಿದಾಗ, ಕಳೆದ ಎರಡು ದಶಕಗಳಲ್ಲಿ ಭಾರತೀಯ ಪತ್ರಿಕಾ ಗದ್ಯದಲ್ಲಿ ನಡೆದ ಮಹತ್ವದ ಪ್ರಯೋಗವೊಂದು ಉತ್ತರಪ್ರದೇಶದ ಬುಂದೇಲ್‌ಖಂಡದಲ್ಲಿ ನಡೆದಿದೆ. ಅದರ ಹೆಸರು 'ಖಬರ್ ಲಹರಿಯಾ'.

ಚಿತ್ರಕೂಟದಲ್ಲಿ 2002ರಲ್ಲಿ ಈ ಪತ್ರಿಕೆ ಹುಟ್ಟಿತು. ದಿಲ್ಲಿಯ ನಿರಂತರ ಸಂಸ್ಥೆ ಬೆನ್ನಿಗಿತ್ತು. ವರದಿ ಮಾಡಿದವರು, ಬರೆದವರು, ಹಳ್ಳಿಹಳ್ಳಿಗೆ ಹೊತ್ತು ಮಾರಿದವರು ಎಲ್ಲರೂ ಮಹಿಳೆಯರು. ಬಹುಪಾಲು ದಲಿತರು, ಜೊತೆಗೆ ಆದಿವಾಸಿ, ಮುಸ್ಲಿಂ ಮತ್ತು ಹಿಂದುಳಿದ ಸಮುದಾಯಗಳವರು. ಕೆಲವರು ಬಾಲ್ಯದಲ್ಲೇ ಮದುವೆಯಾದವರು. ಕೆಲವರು ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ. ಭಾಷೆ ಬುಂದೇಲಿ. ಮುಂದೆ ಅವಧಿ, ಭೋಜಪುರಿಗಳಲ್ಲೂ ಆವೃತ್ತಿಗಳು ಬಂದವು. 2004ರಲ್ಲಿ ಈ ತಂಡಕ್ಕೆ ಚಮೇಲಿ ದೇವಿ ಜೈನ್ ಪ್ರಶಸ್ತಿಯೂ 2009ರಲ್ಲಿ ಯುನೆಸ್ಕೋದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿಯೂ ಸಂದವು. ಕೆಲವು ವರ್ಷಗಳಲ್ಲಿ ಕಾಗದ ಹಿಂದೆ ಸರಿದು ಮೊಬೈಲ್ ಫೋನ್ ಮುಂದೆ ಬಂತು. ವರದಿಗಾರ್ತಿಯರು ವಿಡಿಯೊ ಮಾಡಿ ಅಂತರಜಾಲಕ್ಕೆ ಏರಿಸತೊಡಗಿದರು. ಸ್ಥಾಪಕರಲ್ಲೊಬ್ಬರಾದ ಕವಿತಾ ದೇವಿ ಅವರ 'ದ ಕವಿತಾ ಶೋ', ಮೀರಾ ದೇವಿ ಅವರ 'ರಾಜನೀತಿ, ರಸ, ರಾಯ' ಎಂಬ ರಾಜಕೀಯ ಕಾರ್ಯಕ್ರಮಗಳು ಈ ಹೊಸ ಘಟ್ಟದವು. ಹಳ್ಳಿಯ ಹೆಣ್ಣೊಬ್ಬಳು ಕ್ಯಾಮೆರಾದತ್ತ ನೇರವಾಗಿ ನೋಡುತ್ತ ರಾಜಕಾರಣದ ಬಗ್ಗೆ ತನ್ನ ಅಭಿಪ್ರಾಯ ಹೇಳುವುದು ಹಿಂದಿ ಸೀಮೆಯ ಸುದ್ದಿಲೋಕಕ್ಕೆ ಅಪರೂಪದ ದೃಶ್ಯವಾಗಿತ್ತು.

ಈ ಪತ್ರಿಕೆಯ ಬೇರು ನಮಗೆ ತೀರ ಅಪರಿಚಿತವಾದುದಲ್ಲ. ಖಬರ್ ಲಹರಿಯಾಕ್ಕೆ ಮೊದಲು ಅದೇ ನೆಲದಲ್ಲಿ 'ಮಹಿಳಾ ಡಾಕಿಯಾ' ಎಂಬ ಪುಟ್ಟ ಸುದ್ದಿಪತ್ರ ಹೊರಡುತ್ತಿತ್ತು. ಅದು ಮಹಿಳಾ ಸಮಖ್ಯಾ ಕಾರ್ಯಕ್ರಮದ ಕೂಸು. ಆ ಕಾರ್ಯಕ್ರಮ 1980ರ ದಶಕದ ಕೊನೆಯಲ್ಲಿ ಆರಂಭವಾದದ್ದು ಮೂರು ರಾಜ್ಯಗಳಲ್ಲಿ: ಉತ್ತರಪ್ರದೇಶ, ಗುಜರಾತ್ ಮತ್ತು ಕರ್ನಾಟಕ. ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಬೀದರ ಮತ್ತು ಬಿಜಾಪುರಗಳಿದ್ದವು. ಎರಡೂ ಗಡಿಯ ಜಿಲ್ಲೆಗಳು. ಅಲ್ಲೂ ಹೆಣ್ಣುಮಕ್ಕಳು ಸಂಘ ಕಟ್ಟಿದರು, ಅಕ್ಷರ ಕಲಿತರು, ಪಂಚಾಯಿತಿಗೆ ಹೋಗಿ ಮಾತಾಡಿದರು. ಬುಂದೇಲ್‌ಖಂಡದಲ್ಲಿ ಆ ಮಾತು ಪತ್ರಿಕೆಯಾಗಿ ಬೆಳೆಯಿತು. ಮಹಿಳಾ ಪತ್ರಿಕೋದ್ಯಮವೇ ಕನ್ನಡಕ್ಕೆ ಹೊಸದೆಂದು ಇದರ ಅರ್ಥವಲ್ಲ. ನಂಜನಗೂಡು ತಿರುಮಲಾಂಬಾ, ಆರ್. ಕಲ್ಯಾಣಮ್ಮ ಇಬ್ಬರೂ ಕಳೆದ ಶತಮಾನದ ಮೊದಲ ದಶಕಗಳಲ್ಲೇ ಪತ್ರಿಕೆ ನಡೆಸಿದವರು. ನಮ್ಮ ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್ ಅವರನ್ನು ನಾಡಿಗೆ ಪರಿಚಯಿಸಿದ್ದು ರಾಜಕೀಯ ವಾರಪತ್ರಿಕೆಯಾದ 'ಲಂಕೇಶ್ ಪತ್ರಿಕೆ' ಎಂಬುದನ್ನೂ ಇಲ್ಲಿ ಸ್ಮರಿಸಬೇಕು. ಆದರೆ ಉಮೇದುವಾರನ ಎದುರು ಕ್ಯಾಮೆರಾ ಹಿಡಿದು ನಿಲ್ಲುವ ಕೆಲಸ ಬೇರೆ ಬಗೆಯದು. ಅಲ್ಲಿ ಲೇಖಕಿಗೆ ಮನೆಯ ಏಕಾಂತದ ರಕ್ಷೆಯಿಲ್ಲ.

ಖಬರ್ ಲಹರಿಯಾದ ಸಂದರ್ಶನಗಳ ಮೊದಲ ಲಕ್ಷಣ, ಪ್ರಶ್ನೆ ಹುಟ್ಟುವ ಜಾಗ. ರಾಷ್ಟ್ರೀಯ ವಾಹಿನಿಗಳ ಸಂದರ್ಶಕ ಸಾಮಾನ್ಯವಾಗಿ ಪಕ್ಷದಿಂದ ಆರಂಭಿಸುತ್ತಾನೆ: ಮೈತ್ರಿ, ಜಾತಿಯ ಲೆಕ್ಕಾಚಾರ, ನಾಯಕರ ಮುನಿಸು. ಈ ಹೆಣ್ಣುಮಕ್ಕಳ ಪ್ರಶ್ನೆ ಕೈಪಂಪಿನಿಂದ, ಕಟ್ಟದೇ ಉಳಿದ ಶೌಚಾಲಯದಿಂದ, ಮಳೆಗಾಲದಲ್ಲಿ ಕೆಸರಾಗುವ ದಾರಿಯಿಂದ, ದಾಖಲಾಗದ ಪೊಲೀಸ್ ದೂರಿನಿಂದ ಆರಂಭವಾಗುತ್ತದೆ. ಪಕ್ಷದ ಪ್ರಶ್ನೆಗೆ ರಾಜಕಾರಣಿಯ ಬಳಿ ಸಿದ್ಧ ಉತ್ತರವಿರುತ್ತದೆ. ಕೈಪಂಪಿನ ಪ್ರಶ್ನೆಗೆ ಅವನು ಕೈಪಂಪನ್ನು ಕಂಡಿರಬೇಕು. ಕಂಡಿಲ್ಲವೆಂಬುದು ಮರುಕ್ಷಣದಲ್ಲಿ ಅವನ ಮುಖದಲ್ಲೇ ತಿಳಿದುಬಿಡುತ್ತದೆ.

ಎರಡನೆಯದು ನುಡಿಯ ನೆಲೆ. ಬುಂದೇಲಿ ಜನಗಣತಿಯಲ್ಲಿ ಹಿಂದಿಯ ಅಡಿಯಲ್ಲಿ ಎಣಿಕೆಯಾಗುವ ಭಾಷೆ. ಕಚೇರಿಯ ಹಿಂದಿ ಅದಕ್ಕಿಂತ ಮೇಲೆ ಕುಳಿತಿದೆ. 'ಭಯ್ಯಾ' ಎಂದು ಸಂಬೋಧಿಸಿ ಮನೆಮಾತಿನ ಲಯದಲ್ಲಿ ಪ್ರಶ್ನೆ ಇಟ್ಟಾಗ, ಎದುರಿನವನು ಕಚೇರಿಯ ಭಾಷೆಯ ಹಿಂದೆ ಅವಿತುಕೊಳ್ಳುವುದು ಕಷ್ಟ. ವಿನಯದ ಆ ಸಂಬೋಧನೆಯನ್ನು ಅಧೀನತೆಯೆಂದು ತಿಳಿದ ಗಂಡಸರು ಎಷ್ಟೋ ಸಲ ಎಚ್ಚರ ತಪ್ಪಿ ನಿಜ ನುಡಿದುಬಿಡುತ್ತಾರೆ. ಮೂರನೆಯದು ಮರಳಿ ಹೋಗುವ ಸಾಮರ್ಥ್ಯ. ದಿಲ್ಲಿಯ ವರದಿಗಾರ ಮತದಾನದ ಮರುದಿನ ಊರು ಬಿಡುತ್ತಾನೆ. ಇವರು ಅಲ್ಲಿಯೇ ಬಾಳುವವರು. ಆರು ತಿಂಗಳ ನಂತರ ಅದೇ ಕೈಪಂಪಿನ ಬಳಿ ನಿಂತು ಮತ್ತೆ ಕೇಳಬಲ್ಲರು. ಈ ಮರಳುವಿಕೆ ಅವರ ಬಲವೂ ಹೌದು, ಅಪಾಯವೂ ಹೌದು. ಕೇಳಿದವಳ ಮನೆ ಎಲ್ಲಿದೆಯೆಂಬುದು ಉತ್ತರಿಸಿದವನಿಗೂ ಗೊತ್ತು.

ಈ ಲೋಕವನ್ನು ಜಗತ್ತಿನ ಮುಂದಿಟ್ಟದ್ದು ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ನಿರ್ದೇಶನದ 'ರೈಟಿಂಗ್ ವಿತ್ ಫೈರ್' ಸಾಕ್ಷ್ಯಚಿತ್ರ. 2021ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದ ಈ ಚಿತ್ರ 2022ರಲ್ಲಿ ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗದ ಅಂತಿಮ ಸುತ್ತಿಗೆ ನಾಮನಿರ್ದೇಶನಗೊಂಡಿತು. ಮೀರಾ, ಸುನೀತಾ, ಶ್ಯಾಮಕಲಿ ಎಂಬ ಮೂವರು ವರದಿಗಾರ್ತಿಯರನ್ನು ಅದು ಹಲವು ವರ್ಷ ಹಿಂಬಾಲಿಸುತ್ತದೆ. ಆ ಅವಧಿಯಲ್ಲೇ 2017ರ ಉತ್ತರಪ್ರದೇಶ ವಿಧಾನಸಭಾ ಚುನಾವಣೆಯೂ 2019ರ ಲೋಕಸಭಾ ಚುನಾವಣೆಯೂ ನಡೆದವು.

ಚಿತ್ರದ ಶ್ರೇಷ್ಠ ಭಾಗಗಳು ಕಲಿಕೆಯವು. ಫೋನಿನ ಮೇಲಿನ ಇಂಗ್ಲಿಷ್ ಅಕ್ಷರಗಳ ಮುಂದೆ ಶ್ಯಾಮಕಲಿ ತಡವರಿಸುತ್ತಾರೆ. ಬಾಲ್ಯದಲ್ಲಿ ಗಣಿಯಲ್ಲಿ ದುಡಿದ ಸುನೀತಾ ವರದಿಗಾರ್ತಿಯಾಗಿ ಅದೇ ಗಣಿಲೋಕಕ್ಕೆ ಮರಳಿ, ಸುತ್ತುವರಿದ ಗಂಡಸರ ನಡುವೆ ನಿಂತು ಮಾತಿಗೆ ಮಾತು ಕೊಡುತ್ತಾರೆ. ಮೀರಾ ಅವರ ಪತಿಗೆ ಈ ಪತ್ರಿಕೆ ಬಾಳೀತೆಂಬ ನಂಬಿಕೆಯೇ ಇಲ್ಲ. ಆ ಅಪನಂಬಿಕೆಯ ಮನೆಯಿಂದಲೇ ಅವರು ದಿನವೂ ಕೆಲಸಕ್ಕೆ ಹೊರಡುತ್ತಾರೆ. ಅತ್ಯಾಚಾರಕ್ಕೊಳಗಾದ ಹೆಂಗಸಿನ ಮನೆಯಲ್ಲಿ ಕುಳಿತು ಅವಳ ಮಾತು ಕೇಳಿಕೊಂಡು, ಅಲ್ಲಿಂದ ಪೊಲೀಸರ ಬಳಿಗೆ ಹೋಗಿ ಪ್ರಶ್ನೆ ಇಡುವ ಆರಂಭದ ಪ್ರಸಂಗವು ಸಂದರ್ಶನಕಲೆಯ ಪಾಠದಂತಿದೆ. ಮೊದಲ ಸ್ಥಳದಲ್ಲಿ ಮೀರಾ ಹೆಚ್ಚು ಮಾತಾಡುವುದಿಲ್ಲ, ಎರಡನೆಯದರಲ್ಲಿ ಹಿಂಜರಿಯುವುದಿಲ್ಲ. ಹಿಂದೂ ಯುವ ವಾಹಿನಿಯ ಖಡ್ಗಧಾರಿ ತರುಣನೊಬ್ಬನನ್ನು ಅವರು ಸಾವಧಾನವಾಗಿ ಮಾತಾಡಿಸುವ ಪ್ರಸಂಗವೂ ಹೀಗೆಯೇ. ವಾದಕ್ಕಿಳಿಯದೆ, ಅವನು ತನ್ನನ್ನು ತಾನೇ ಬಿಡಿಸಿಡುವಷ್ಟು ಅವಕಾಶವನ್ನು ಅವನಿಗೆ ಕೊಡುತ್ತಾರೆ.

ಚಿತ್ರದ ದೌರ್ಬಲ್ಯ ಇರುವುದು ಜೋಡಣೆಯಲ್ಲಿ. 2017ರಲ್ಲಿ ಉತ್ತರಪ್ರದೇಶದ ಬುಂದೇಲ್‌ಖಂಡದ 19 ವಿಧಾನಸಭಾ ಕ್ಷೇತ್ರಗಳೂ ಭಾರತೀಯ ಜನತಾ ಪಕ್ಷದ ಪಾಲಾದವು. ಯುವ ವಾಹಿನಿಯ ಸ್ಥಾಪಕರಾದ ಯೋಗಿ ಆದಿತ್ಯನಾಥರು ಮುಖ್ಯಮಂತ್ರಿಯಾದರು. ಆ ಬದಲಾವಣೆಯನ್ನು ನಿರ್ದೇಶಕರು ಕಥೆಯ ಬೆನ್ನೆಲುಬಾಗಿ ಆರಿಸಿಕೊಂಡರು. ಕಥೆಗೆ ಅದು ವೇಗ ಕೊಟ್ಟಿತು. ಆದರೆ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಪಕ್ಷದವರ ಬಾಗಿಲು ತಟ್ಟುವ ವರದಿಗಾರ್ತಿಯರು ತೆರೆಯ ಮೇಲೆ ಒಂದೇ ಶಕ್ತಿಯ ಎದುರು ನಿಂತ ವೀರಾಂಗನೆಯರಾಗಿ ಕಾಣತೊಡಗಿದರು. ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಮೊದಲು, 2022ರ ಮಾರ್ಚ್‌ನಲ್ಲಿ, ಖಬರ್ ಲಹರಿಯಾ ಸಾರ್ವಜನಿಕ ಹೇಳಿಕೆಯ ಮೂಲಕ ಆಕ್ಷೇಪ ಎತ್ತಿತು. ಚಿತ್ರ ಮನಮುಟ್ಟುವಂಥದೆಂದು ಒಪ್ಪುತ್ತಲೇ, ತಮ್ಮ ವರದಿಗಾರಿಕೆ ಒಂದು ಪಕ್ಷದ ಸುತ್ತಲೇ ತಿರುಗುತ್ತದೆಂಬ ಚಿತ್ರಣ ಸರಿಯಲ್ಲ, ಅರ್ಧ ಕಥೆ ಇಡೀ ಕಥೆಯನ್ನು ವಿಕಾರಗೊಳಿಸಬಲ್ಲದು ಎಂಬುದು ಅವರ ತಕರಾರಿನ ಸಾರ.

ಈ ತಕರಾರನ್ನು ಆಗ ಹಲವರು ಭಯದ ಫಲವೆಂದು ಓದಿದರು. ಚುನಾವಣೆ ಮುಗಿದು ಅದೇ ಸರ್ಕಾರ ಮರಳಿ ಅಧಿಕಾರಕ್ಕೆ ಬಂದ ಹೊತ್ತು ಅದು. ನೆಲದ ಮೇಲೆ ಬಾಳುವವರಿಗೆ ಎಚ್ಚರ ಸಹಜ. ಆದರೆ ಅಷ್ಟಕ್ಕೇ ಇಳಿಸುವುದು ಆ ಹೆಣ್ಣುಮಕ್ಕಳ ವೃತ್ತಿಪ್ರಜ್ಞೆಗೆ ಮಾಡುವ ಅನ್ಯಾಯ. ಮೇಲೆ ಹೇಳಿದ ಮೂರು ಲಕ್ಷಣಗಳನ್ನು ನೆನೆಯೋಣ. ಕೈಪಂಪಿನಿಂದ ಹುಟ್ಟುವ ಪ್ರಶ್ನೆಗೆ ಪಕ್ಷವಿಲ್ಲ. ಅದನ್ನು ಸಮಾಜವಾದಿಗೂ ಬಹುಜನ ಪಕ್ಷದವನಿಗೂ ಕಾಂಗ್ರೆಸ್ಸಿಗನಿಗೂ ಭಾಜಪದವನಿಗೂ ಸಮನಾಗಿ ಕೇಳಬಹುದು. ಹಾಗೆ ಕೇಳಬಲ್ಲೆವೆಂಬುದೇ ಈ ಪತ್ರಿಕೆಯ ನೈತಿಕ ಬಂಡವಾಳ. ಸಂದರ್ಶಕಿ ಮೊದಲೇ ಪಕ್ಷ ಹಿಡಿದವಳೆಂದು ಎದುರಿನವನಿಗೆ ಅನಿಸಿದರೆ, ಉತ್ತರ ಕೊಡದಿರಲು ಅವನಿಗೊಂದು ನೆಪ ಸಿಕ್ಕಂತೆ. ಹಾಗಾಗಿ ಪತ್ರಿಕೆಯ ಆಕ್ಷೇಪವನ್ನು ಚಿತ್ರದ ಮೇಲಿನ ವಿಮರ್ಶೆಯೆಂದೇ ಓದಬೇಕು, ಮತ್ತು ಅದು ಸಮರ್ಥ ವಿಮರ್ಶೆ. ಚಿತ್ರಕಾರರು ತಮ್ಮ ಕಥೆಯನ್ನು ತಾವೇ ಆರಿಸಿಕೊಳ್ಳುವ ಹಕ್ಕುಳ್ಳವರೆಂಬುದೂ ನಿಜವೇ. ಆದರೆ ಜೀವನವಿಡೀ ಇತರರ ಕಥೆಯನ್ನು ನ್ಯಾಯವಾಗಿ ಹೇಳಲು ಹೆಣಗಿದವರು ತಮ್ಮ ಕಥೆಗೂ ಅದೇ ನ್ಯಾಯ ಕೇಳಿದಾಗ, ಚಪ್ಪಾಳೆಯ ಸದ್ದು ಅದನ್ನು ಮುಚ್ಚಿಹಾಕಬಾರದಿತ್ತು.

ಖಬರ್ ಲಹರಿಯಾವನ್ನೂ ವಿಮರ್ಶೆಗೆ ಒಡ್ಡದೆ ಬಿಡಲಾಗದು. ಮುದ್ರಿತ ಪತ್ರಿಕೆಯನ್ನು ಹಳ್ಳಿಯಲ್ಲಿ ಒಬ್ಬರು ಓದಿ ಹತ್ತು ಜನ ಕೇಳಬಹುದಿತ್ತು. ಫೋನು ಹೆಚ್ಚಾಗಿ ಗಂಡಸಿನ ಕಿಸೆಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಫೋನ್ ಇರುವ ಮಹಿಳೆಯರು ಶೇ. 54 ಮಾತ್ರ. ಹೆಣ್ಣು ಮಾಡಿದ ಸುದ್ದಿ ಹೆಣ್ಣಿಗೇ ತಲುಪದೆ ದೂರದ ನಗರಗಳ ವೀಕ್ಷಕರಿಗೆ ತಲುಪುವ ವಿಪರ್ಯಾಸ ಇಲ್ಲಿದೆ. ಜೊತೆಗೆ ವೀಕ್ಷಣೆಯ ಸಂಖ್ಯೆ ಎಂಬ ಹೊಸ ಯಜಮಾನ ಬಂದಿದ್ದಾನೆ. ಅಪರಾಧದ ಸುದ್ದಿಗೆ ಸಿಗುವ ನೋಟ ಪಡಿತರ ಚೀಟಿಯ ಸುದ್ದಿಗೆ ಸಿಗುವುದಿಲ್ಲ. ಆ ಯಜಮಾನನ ಮರ್ಜಿಗೆ ಬಿದ್ದರೆ ನಿಧಾನವಾಗಿ ಕೇಳುವ, ಕಾದು ಕೇಳುವ ಗುಣವೇ ಮೊದಲು ಸವೆಯುತ್ತದೆ. ಚಿತ್ರವು ಏರುತ್ತಿರುವ ಅಂಕೆಗಳನ್ನು ಗೆಲುವಿನ ಗುರುತಾಗಿ ತೋರಿಸುವಾಗ ಈ ಪ್ರಶ್ನೆಯನ್ನು ತಾನು ಕೇಳಿಕೊಳ್ಳುವುದಿಲ್ಲ.

ಗಡಿನಾಡಿನ ಸಾಹಿತ್ಯ ಸಮ್ಮೇಳನದ ಈ ಸಂಚಿಕೆಯಲ್ಲಿ ಚಿತ್ರಕೂಟದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೈಪಂಪಿನ ಪ್ರಶ್ನೆ ನಮ್ಮಲ್ಲೂ ಇದೆ. ಅದನ್ನು ನಮ್ಮ ನುಡಿಯಲ್ಲಿ ಕೇಳುವವರು ಕಡಿಮೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಚುನಾವಣೆಗಳು ತಿರುವನಂತಪುರದ ಪತ್ರಿಕೆಗಳಿಗೆ ಉತ್ತರದ ಅಂಚಿನ ಸುದ್ದಿ, ಬೆಂಗಳೂರಿನ ಪತ್ರಿಕೆಗಳಿಗೆ ಹೊರರಾಜ್ಯದ ಸುದ್ದಿ. ಉಮೇದುವಾರರು ಮಂಜೇಶ್ವರದಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಮತ ಕೇಳುತ್ತಾರೆ. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರ ನೇಮಕ, ಕಚೇರಿಯ ಅರ್ಜಿ ನಮೂನೆ, ಆಸ್ಪತ್ರೆಯ ಫಲಕ ಇವುಗಳ ಬಗ್ಗೆ ಅದೇ ನುಡಿಯಲ್ಲಿ ಅವರಿಂದ ಉತ್ತರ ಪಡೆದು ದಾಖಲಿಸುವವರು ಎಷ್ಟು ಮಂದಿ? ಜತ್ತ, ಅಕ್ಕಲಕೋಟೆ, ತಾಳವಾಡಿ, ಮಡಕಶಿರಾಗಳ ಬಂಧುಗಳೂ ತಮ್ಮ ತಮ್ಮ ಊರಿನ ಪಟ್ಟಿಯನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ಬುಂದೇಲಿ ಹಿಂದಿಯ ಅಡಿಯಲ್ಲಿ ಎಣಿಕೆಯಾಗುವಂತೆಯೇ ನೀಲಗಿರಿಯ ಬಡಗ ನುಡಿ ಜನಗಣತಿಯಲ್ಲಿ ಕನ್ನಡದ ಅಡಿಯಲ್ಲಿ ಎಣಿಕೆಯಾಗುತ್ತದೆ. ಹಾಗಾಗಿ ಈ ಪಾಠ ಕೇವಲ ನಾವು ಇತರರಿಗೆ ಹೇಳಬೇಕಾದದ್ದಲ್ಲ. ನಮ್ಮ ನೆರಳಿನಲ್ಲಿರುವ ನುಡಿಗಳ ಹೆಣ್ಣುಮಕ್ಕಳು ನಮ್ಮನ್ನೂ ಪ್ರಶ್ನಿಸಲಿ ಎಂಬ ಸಿದ್ಧತೆಯೂ ಬೇಕು.

ಗಡಿನಾಡ ಸಂಘಗಳು ಕವಿಗೋಷ್ಠಿಗಳನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ. ಅದರ ಜೊತೆಗೆ ಪ್ರತಿ ಚುನಾವಣೆಗೂ ಮೊದಲು ಊರಿನ ಹತ್ತು ಹೆಣ್ಣುಮಕ್ಕಳು, ಅಂಗನವಾಡಿಯವರೋ ಬೀಡಿ ಕಟ್ಟುವವರೋ ಕಾಲೇಜಿನವರೋ ಯಾರಾದರೂ ಸರಿ, ಒಟ್ಟಿಗೆ ಕುಳಿತು ತಮ್ಮ ಮನೆಮಾತಿನಲ್ಲಿ ಹತ್ತು ಪ್ರಶ್ನೆ ಬರೆದು, ಎಲ್ಲ ಪಕ್ಷಗಳ ಉಮೇದುವಾರರಿಗೂ ಒಂದೇ ಸಮನಾಗಿ ಕೇಳಿ, ಉತ್ತರಗಳನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರೆ ಅದೂ ಸಾಹಿತ್ಯದ ಕೆಲಸವೇ. ಐದು ವರ್ಷದ ನಂತರ ಅದೇ ಹಾಳೆ ಹಿಡಿದು ಮತ್ತೆ ಅದೇ ಬಾಗಿಲಿಗೆ ಹೋಗಬಹುದು. ಖಬರ್ ಲಹರಿಯಾದ ಹೆಣ್ಣುಮಕ್ಕಳಿಂದ ಕಲಿಯಬೇಕಾದ ವಿದ್ಯೆ ಮುಖ್ಯವಾಗಿ ಇದು: ಒಮ್ಮೆ ಕೇಳಿದ ಪ್ರಶ್ನೆಯನ್ನು ಮರೆಯದೆ ಇರುವುದು.